ಹನ್ನೊಂದನೆಯವಳ ಲೆಕ್ಕ

ಬ್ಯಾಂಕಿನಲ್ಲಿ ಮೂರು ವರ್ಷ ಕೂಡುವ ಯಂತ್ರದ ಮುಂದೆ ಕೂತಿದ್ದೆ
ಎಂಬ ಒಂದೇ ತಪ್ಪಿಗೆ
ನನ್ನನ್ನು ಖಜಾಂಚಿ ಮಾಡಿದರು.
ಹದಿಮೂರು ಹೆಂಗಸರು, ಆರು ಕಾರು,
ಬಿಸ್ಕತ್ತಿನದೊಂದು ತಗಡಿನ ಡಬ್ಬಿ:
ಅದೇ ಖಜಾನೆ.

ನಸುಕಿಗೆದ್ದು ಇಬ್ಬನಿಯಲ್ಲಿ ಬೂಟು ನೆನೆಸಿಕೊಂಡು
ಕುಳಿಗಳ ಅಂಚಿಗೆ ಬಿಳಿ ಬಣ್ಣ ಬಳಿಯುವವರು ನಾವೇ.
ಗಡಿಗೆ ಗೂಟ ಬಡಿಯುವವರು ನಾವೇ,
ಮಧ್ಯಾಹ್ನ ಅದೇ ಗೂಟದಾಚೆ ಚೆಂಡು ಬಿದ್ದರೆ
ಬಾಯಿ ಬಡಿದುಕೊಳ್ಳುವವರೂ ನಾವೇ.
ರಾತ್ರಿ ಊರ ಪತ್ರಿಕೆಗೆ ಸುದ್ದಿ ಟೈಪು ಮಾಡುವಾಗ
ಉಗುರಿನಲ್ಲಿ ಇನ್ನೂ ಬಿಳಿ ಬಣ್ಣ.
ಬೇಲಿಯೂ ನಾವೇ ಹೊಲವೂ ನಾವೇ;
ಮೇಯದೆ ಇರುವುದು ಹೇಗೆ, ಅಷ್ಟೇ ಪ್ರಶ್ನೆ.

ಟಲ್ಸಾದಲ್ಲಿ ಶುಕ್ರವಾರ, ಬಾಕ್ಸಿಂಗ್ ನಡೆಯುವ ಕಡೆ,
ನಾಲ್ಕನೆಯ ಸುತ್ತಿಗೂ ಐದನೆಯದಕ್ಕೂ ನಡುವಿನ ಒಂದು ನಿಮಿಷದಲ್ಲಿ
ಹಗ್ಗದಡಿ ನುಸುಳಿ, ರಕ್ತದ ಹನಿ ತುಳಿಯದಂತೆ ನಿಂತು
ಮೈಕು ಹಿಡಿದಳು ವರ್ಡೆಲ್ ಪ್ರೂಯಿಟ್:
ನಾಳೆ ಬನ್ನಿ, ನಮ್ಮ ಆಟ ನೋಡಿ.
ಕಾಲು ತೋರಿಸು ಎಂದ ಒಬ್ಬ.
ಕಾಲಲ್ಲಪ್ಪ, ಭುಜ ನೋಡು ಎಂದಳು,
ಕೋಟು ಕಳಚಿ, ಖಾಲಿ ಗಾಳಿಗೊಂದು ಹೊಡೆತ ಬೀಸಿದಳು.
ಇಬ್ಬರು ಜಟ್ಟಿಗಳೂ ಸ್ಟೂಲಿನಿಂದೆದ್ದು ನೋಡಿದರು.

ಮರುದಿನ ಬಂದವರು ನಲವತ್ತೊಂದು ಮಂದಿ.
ನಾಯಿ ಸೇರಿಸಿದರೆ ನಲವತ್ತೆರಡು.
ಟಿಕೆಟ್ಟು ಹರಿದವಳು ನಾನು, ಲೆಕ್ಕ ತಪ್ಪಿಲ್ಲ.

ಕ್ಲಬ್ಬಿನವರು ಬಟ್ಟೆ ಬದಲಿಸಲು ಕೊಟ್ಟ ಕೋಣೆಯಲ್ಲಿ
ಹುಲ್ಲು ಕತ್ತರಿಸುವ ಯಂತ್ರ ಮೊದಲೇ ಬಿಡಾರ ಹೂಡಿತ್ತು.
ಎಣ್ಣೆ ಡಬ್ಬಿಗೆ ಕನ್ನಡಿ ಆನಿಸಿ ಲಿಪ್‌ಸ್ಟಿಕ್ ಹಚ್ಚಿಕೊಂಡೆವು.
ಬಹುಮಾನ ಕೊಡುವವರು ಉಪ್ಪಿನಕಾಯಿ ಕಾರ್ಖಾನೆಯವರು;
ನಗುತ್ತಿರತಕ್ಕದ್ದು ಎಂದು ಕರಾರಿನಲ್ಲಿತ್ತು.

ಕೊನೆಯ ದಿನ, ಹದಿನಾಲ್ಕನೆಯ ಕುಳಿಯ ದಾರಿ,
ಉದ್ದ ಹುಲ್ಲಿನಲ್ಲಿ ಅವಳ ಚೆಂಡು.
ಕೋಲಿನ ತುದಿಯನ್ನು ಹಿಂದೆ ಊರಿದಳು.
ಅಲುಗಿತು.
ಎಷ್ಟು? ಎಳ್ಳುಕಾಳಷ್ಟು.
ಕಂಡವಳು ನಾನೊಬ್ಬಳೇ.
ನನ್ನ ಕಾರಿನವಳು, ನನ್ನ ಅರ್ಧ ಸ್ಯಾಂಡ್‌ವಿಚ್ಚಿನವಳು,
ಅಮರಿಲ್ಲೋದಿಂದ ನಾನು ಜ್ವರದಲ್ಲಿ ಬಡಬಡಿಸುತ್ತಿದ್ದಾಗ
ತನ್ನ ಕೋಟು ಹೊದಿಸಿ ಬೆಳಗಿನವರೆಗೆ ಕಾರು ಓಡಿಸಿದವಳು.

ಅಲುಗಿತು ಎಂದೆ.
ಗಾಳಿ ಎಂದಳು.
ಕುಳಿಯ ಬಾವುಟ ಒಣಹಾಕಿದ ಚೌಕದ ಹಾಗೆ ಜೋತುಬಿದ್ದಿತ್ತು.

ನಿಯಮ ಸಮಿತಿಯಲ್ಲಿ ಇರುವವರೇ ಮೂವರು:
ಒಟಿಲಿ ಕ್ರಾನ್ಜ್, ನಾನು, ವರ್ಡೆಲ್.
ಕೈ ಎತ್ತಿ ಎಂದಾಗ ಎರಡು ಎದ್ದವು.
ಮೂರನೆಯದು ಗ್ಲೌಸಿನ ಗುಂಡಿ ಬಿಚ್ಚುತ್ತಿತ್ತು.
ಒಂದು ಹೊಡೆತ ದಂಡ.
ಒಂದು ಹೊಡೆತದಲ್ಲೇ ಸೋತಳು.

ಸಂಜೆ ಅಡುಗೆಮನೆಯ ಮೂಲೆಯಲ್ಲಿ ಚೆಕ್ಕು ಬರೆದೆ.
ನನಗೆ ನಾನೇ ಬರೆದು, ನಾನೇ ಸಹಿ ಹಾಕಿ,
ನಾನೇ ಇಸಿದುಕೊಂಡದ್ದು ಅರವತ್ತೆರಡು ಡಾಲರ್,
ಹನ್ನೊಂದನೆಯ ಸ್ಥಾನ.
ಅವಳದು ಐನೂರಿಪ್ಪತ್ತು.
ಏಳುನೂರೈವತ್ತು ಎಂದು ಬರೆಯಲೂ
ಪೆನ್ನಿನಲ್ಲಿ ಬೇಕಾದಷ್ಟು ಶಾಯಿಯಿತ್ತು.

ರಾತ್ರಿ ಮುಂದಿನ ಊರಿಗೆ. ಸಾಲಿನಲ್ಲಿ ನಮ್ಮದು ಮೂರನೆಯ ಕಾರು.
ಕಿಟಕಿಗೆ ಗ್ಲೌಸು ಕಟ್ಟಿದರೆ ಪೆಟ್ರೋಲು,
ಕಾಲುಚೀಲ ಕಟ್ಟಿದರೆ ಊಟ,
ಎರಡೂ ಕಟ್ಟಿದರೆ ಏನೋ ಕೆಟ್ಟಿದೆ: ನಮ್ಮ ಲಿಪಿ ಅಷ್ಟೇ.
ನಮ್ಮಿಬ್ಬರ ನಡುವೆ ಕೆಟ್ಟದ್ದಕ್ಕೆ
ಏನು ಕಟ್ಟಬೇಕೆಂದು ಯಾರೂ ಗೊತ್ತುಮಾಡಿರಲಿಲ್ಲ.
ಅವಳು ಓಡಿಸಿದಳು. ನಾನು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು
ಗೋಧಿಯ ಕತ್ತಲು ನೋಡಿದೆ,
ಮೈಲುಗಲ್ಲು ಎಣಿಸಿದೆ, ಎಣಿಸುವುದೊಂದು ಬರುತ್ತದಲ್ಲ.

ಇನ್ನೂರನೆಯ ಮೈಲಿಗೆ, ರಸ್ತೆಯಿಂದ ಕಣ್ಣು ತೆಗೆಯದೆ,
"ಎಳ್ಳುಕಾಳಷ್ಟಲ್ಲ ಕಣೇ" ಎಂದಳು,
"ಬಟಾಣಿಯಷ್ಟು."

ಆಮೇಲೆ, "ಪೆಟ್ರೋಲಿಗೆಷ್ಟಾಯಿತು?"
ನಾಲ್ಕು ಡಾಲರ್ ಹತ್ತು ಸೆಂಟು.
"ನನ್ನ ಪಾಲು ಬರೆದುಕೋ."

ಬರೆದುಕೊಂಡೆ. ಕಾರು ಕುಲುಕಿ ಅಂಕಿ ಸೊಟ್ಟಗಾಯಿತು.
ಮುಂದಿನ ಕಾರಿನ ಕಿಟಕಿಯಲ್ಲಿ, ನಮ್ಮ ದೀಪದ ಬೆಳಕಿಗೆ,
ಒಂದು ಕಾಲುಚೀಲ ಪಟಪಟ ಬಡಿಯುತ್ತಿತ್ತು.
ಯಾರಿಗೋ ಹಸಿವು.